ಬಾಗಿಲಾಚೆ ಅಪ್ಪನ ಬೂಟು

ಜೂನ್ ೪

ಅಪ್ಪಾ,

ಬಂದು ತಲುಪಿದೀನಿ. ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟೇ ಸಿಕ್ತು, ಅಮ್ಮಂಗೆ ಹೇಳು. ರೂಮು ಮೂರನೇ ಮಹಡಿ. ಉದ್ದಕ್ಕೆ ಒಂದು ವರಾಂಡ, ಎರಡೂ ಕಡೆ ಬಾಗಿಲುಗಳು, ಕೊನೇಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ನನ್ನ ರೂಮಲ್ಲಿ ಒಂದು ಮಂಚ, ಒಂದು ಕಿಟಕಿ, ನನ್ನ ಟ್ರಂಕು. ಕಾಲು ಚಾಚಿದ್ರೆ ಗೋಡೆ, ಕೈ ಚಾಚಿದ್ರೆ ಇನ್ನೊಂದು ಗೋಡೆ. ನೀನು ಬಂದ್ರೆ ನಾನು ಹೊರಗೆ ನಿಲ್ಬೇಕು.

ಬಿಸ್ಕತ್ತು ಕಾರ್ಖಾನೇಲಿ ನಂಗೆ ಪ್ಯಾಕಿಂಗ್ ಕಡೆ ಹಾಕಿದಾರೆ. ಬೆಲ್ಟ್ ಮೇಲೆ ಬಿಸ್ಕತ್ತು ಸಾಲಾಗಿ ಬರ್ತಾನೇ ಇರತ್ತೆ, ಮುರಿದಿದ್ದು ಎತ್ತಿ ಪಕ್ಕಕ್ಕೆ ಹಾಕ್ಬೇಕು. ಮೊದಲ ದಿನ ಮುರಿದಿದ್ದನ್ನೆಲ್ಲ ಆಸೆಯಿಂದ ನೋಡ್ದೆ. ಈಗ ಬಿಸ್ಕತ್ತು ಅಂದ್ರೆ ವಾಕರಿಕೆ.

ಒಂದು ಕೆಲಸ ಮಾಡು. ನಿನ್ನ ಹಳೇ ಕರೀ ಬೂಟು, ದಿನಾ ಅಂಗಡಿಗೆ ಹಾಕ್ಕೊಂಡು ಹೋಗ್ತೀಯಲ್ಲ, ಅದನ್ನ ನಂಗೆ ಕಳಿಸು. ಯಾಕೆ ಅಂತ ಕೇಳ್ಬೇಡ. ನೆನಪಿಗೆ ಅಂದ್ಕೋ. ನೀನು ಬೇಕಾದ್ರೆ ಹೊಸದು ಹೊಲ್ಕೋ, ಅಂಗಡಿ ನಿಂದೇ ತಾನೆ.

ಫೋನ್ ಮಾಡಲ್ಲ. ಸುತ್ತಿಗೆ ಬಡಿದೂ ಬಡಿದೂ ನಿನ್ನ ಕಿವಿ ಹೋಗಿದೆ. ನಾನು ಕಿರುಚಿದ್ರೆ ಇಡೀ ಮಹಡಿಗೆ ಕೇಳತ್ತೆ, ನಿಂಗೊಬ್ಬಂಗೆ ಕೇಳಲ್ಲ. ಪತ್ರನೇ ವಾಸಿ.

ನಿನ್ನ ಮೊಳೆ


ಜೂನ್ ೧೨

ಮೊಳೆಮರೀ,

ಬೇರೆಯವರ ಮಕ್ಳು ದೂರ ಹೋದ್ರೆ ಅಪ್ಪನ ಫೋಟೋ ಕೇಳ್ತಾರೆ. ನೀನು ಬೂಟು ಕೇಳಿದೀಯ. ನನ್ನ ಮುಖಕ್ಕಿಂತ ಕಾಲೇ ಲಕ್ಷಣವಾಗಿದೆ ಅಂತ ಕೊನೆಗೂ ನಿಂಗೆ ಗೊತ್ತಾಯ್ತಲ್ಲ, ಸಂತೋಷ. ಓದಿದವರೆಲ್ಲ ಪತ್ರದಲ್ಲಿ ಏನೇನೋ ಬರೀತಾರೆ. ನಾನು ಮೂರನೇ ಕ್ಲಾಸಿಗೇ ಮೇಷ್ಟ್ರ ಚಪ್ಪಲಿಗೆ ಹೊಲಿಗೆ ಹಾಕಿ, ಹಾಗೇ ಸ್ಕೂಲಿಂದ ಈಚೆ ಬಂದೋನು. ತಪ್ಪಿದ್ರೆ ತಿದ್ಕೊಂಡು ಓದು.

ಮೊದಲು ಹಿತ್ತಲ ಬಾಗಿಲ ಹತ್ರ ಇರೋ ಹರಕು ಜೋಡಿ ಕಳಿಸೋಣ ಅಂದ್ಕೊಂಡೆ. ಅದು ಯಾರಿಗೂ ಬೇಡದ್ದು. ಬೀದಿ ನಾಯಿ ಒಂದು ದಿನ ಬಾಗಿಲ ಎಡಕ್ಕೆ ಎಳ್ಕೊಂಡು ಹೋಗಿರತ್ತೆ, ಇನ್ನೊಂದು ದಿನ ಬಲಕ್ಕೆ. ನೀನು ಹುಟ್ಟೋಕೆ ಮುಂಚಿಂದ ಆ ನಾಯಿಗೆ ಬೈತಾ ಇದೀನಿ, ಮೂರು ತಲೆಮಾರಿನ ನಾಯಿಗೆ ಬೈದಿದೀನಿ. ಆದ್ರೆ ನಿಮ್ಮಮ್ಮ "ಅದನ್ನ ಮುಟ್ಬೇಡಿ" ಅಂದ್ಲು. ನನ್ನ ಗಂಡನ ನೆನಪು ಅಂದ್ಲು. ಗಂಡ ಎದುರಿಗೇ ಕೂತಿದೀನಲ್ಲೇ ಅಂದೆ. ಕೇಳಿಸ್ಕೊಳ್ಳಲಿಲ್ಲ.

ಅದಕ್ಕೇ ನೀನು ಕೇಳಿದ ಕರೀ ಬೂಟೇ ಕಳಿಸಿದೀನಿ. ಕಂಡಕ್ಟರ್ ಕೈಲಿ ಕೊಟ್ಟಿದೀನಿ, ಅವನು ಬಸ್ ನಿಲ್ದಾಣದ ಆಫೀಸಲ್ಲಿ ಇಡ್ತಾನೆ, ಹೋಗಿ ತಗೋ. ಹಾಗೇ ಕಳಿಸೋಕಾಗತ್ತಾ? ಚಪ್ಪಲಿ ರಿಪೇರಿಯವನ ಮಗಳ ಮನೇಲಿ ಸವೆದ ಬೂಟು ಅಂದ್ರೆ ನನ್ನ ಮಾನ ಏನಾಗ್ಬೇಕು? ಹೊಸ ಅಟ್ಟೆ ಕಟ್ಟಿದೀನಿ, ಹಿಮ್ಮಡಿ ಪೂರ್ತಿ ಬದಲಾಯಿಸಿದೀನಿ, ಹೊಸ ಲೇಸು. ಪಾಲಿಶ್ ಎಷ್ಟು ತಿಕ್ಕಿದೀನಿ ಅಂದ್ರೆ ಅದರಲ್ಲಿ ಮುಖ ನೋಡ್ಕೊಂಡು ಜಡೆ ಹಾಕ್ಕೋಬಹುದು. ನಿಮ್ಮಮ್ಮ ಪಕ್ಕದಲ್ಲೇ ಕೂತು ನೋಡ್ತಾ ಇದ್ಲು. ಏನೋ ಹೇಳೋಕೆ ಬಾಯಿ ತೆರೆದ್ಲು, ಮುಚ್ಚಿದ್ಲು. ನನ್ನ ಕೈಚಳಕ ನೋಡಿ ಮಾತೇ ಹೊರಡಲಿಲ್ಲ ಅನ್ಸತ್ತೆ.

ನಿನ್ನ ಅಪ್ಪ


ಜೂನ್ ೨೪

ಅಪ್ಪಾ,

ಬೂಟು ಬಂತು. ಅಯ್ಯೋ ಅಪ್ಪಾ, ಎಷ್ಟು ಹೊಳೀತಿದೆ. ನಂಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಒಳಗೆ ಜಾಗ ಇಲ್ಲ, ಬಾಗಿಲಾಚೆ ಇಟ್ಟಿದೀನಿ.

ಸಾಯಂಕಾಲಕ್ಕೇ ಓನರಮ್ಮ ಬಂದ್ರು. "ಒಳಗೆ ಯಾರು?" "ಯಾರೂ ಇಲ್ಲಮ್ಮ." "ಹಾಗಾದ್ರೆ ಇದರೊಳಗಿನ ಕಾಲು ಎಲ್ಲಿ?" ಮಂಚದ ಕೆಳಗೆ ಬಗ್ಗಿ ನೋಡಿದ್ರು. ಟ್ರಂಕಿನ ಮುಚ್ಚಳ ಎತ್ತಿ ನೋಡಿದ್ರು. ನಮ್ಮಪ್ಪಂದು, ಬಂದು ಹೋಗ್ತಾ ಇರ್ತಾರೆ ಅಂದೆ. "ಬರಿಗಾಲಲ್ಲಿ ಹೋದ್ರಾ?" ಅಂದ್ರು. ಇನ್ನೊಂದು ಜೋಡಿ ಇದೆ ಅಂದೆ. ಸದ್ಯ ನಂಬಿದ್ರು.

ನಿನ್ನೆ ಎದುರು ರೂಮಿನವನೂ ಅದನ್ನೇ ಕೇಳ್ದ. ನಾನು ಬೀಗ ತೆಗೀತಾ ಇದ್ದೆ. ಅವನು ಬಾಗಿಲಿಗೆ ಒರಗಿ ನಿಂತು, "ನಿಮ್ಮನೆಯವರ ಬೂಟು ಬಂದಾಗಿಂದ ಒಂದಿಂಚೂ ಅಲ್ಲಾಡಿಲ್ಲ. ಧೂಳೂ ಇಲ್ಲ. ಅವರೇನು ಗಾಳೀಲಿ ಓಡಾಡ್ತಾರಾ?" ಅಂದ. ನಕ್ಕ. ನಾನೂ ನಕ್ಕೆ. ಒಳಗೆ ಹೋಗಿ ಚಿಲಕ ಹಾಕ್ಕೊಂಡೆ.

ಕಾರ್ಖಾನೇಲಿ ಸಾಯಂಕಾಲದ ಪಾಳಿಗೆ ಬಾ, ಬೆಲ್ಟಿಗೆ ನಿನ್ನನ್ನೇ ಮುಖ್ಯಸ್ಥೆ ಮಾಡ್ತೀನಿ ಅಂದ್ರು ಸೂಪರ್‌ವೈಸರಮ್ಮ. ಬೇಡ ಅಂದಿದೀನಿ. ಮಧ್ಯಾಹ್ನ ನಿದ್ದೆ ಮಾಡಿ ಅಭ್ಯಾಸ ಆಗಿಬಿಟ್ಟಿದೆ.

ಅಪ್ಪಾ, ಬೂಟು ಬೇಗ ಹಳೇದಾಗೋಕೆ ಏನು ಮಾಡ್ಬೇಕು?

ಮೊಳೆ


ಜುಲೈ ೨

ಮೊಳೆಮರೀ,

ನಿನ್ನ ಪತ್ರ ಓದಿ ನಕ್ಕೂ ನಕ್ಕೂ ಬಾಯಲ್ಲಿ ಇಟ್ಕೊಂಡಿದ್ದ ಮೊಳೆ ನುಂಗೋದೊಂದು ಬಾಕಿ. ಗಾಳೀಲಿ ಓಡಾಡ್ತಾರಾ! ಎಂಥಾ ಮಾತು! ನಿನ್ನ ಎದುರು ರೂಮಿನವನು ನಮ್ಮ ಜಾತಿಯವನೇ ಕಣೇ, ತಮಾಷೆ ಜಾತಿ. ಮುಂದಿನ ಸಲ ಸಿಕ್ಕಿದ್ರೆ ಹೇಳು, ಹೌದು, ಅವರು ಇಳಿಯೋದು ಊಟಕ್ಕೆ ಮಾತ್ರ ಅಂತ. ಅವನ ಬೂಟೇನಾದ್ರೂ ಹರಿದಿದ್ರೆ ಕಳಿಸು, ಪುಕ್ಕಟೆ ಹೊಲಿದು ಕೊಡ್ತೀನಿ.

ಬೂಟು ಹಳೇದು ಮಾಡೋದು ಹೇಗೆ ಅಂತ ನನ್ನ ಕೇಳ್ತೀಯಲ್ಲ. ಡಾಕ್ಟರ ಹತ್ರ ಹೋಗಿ ಜ್ವರ ಬರೋಕೆ ಔಷಧಿ ಕೊಡಿ ಅಂದ ಹಾಗಾಯ್ತು. ಹೊಳಪು ಹಾಗೇ ಇರಲಿ. ವಾರಕ್ಕೊಂದು ಸಲ ಒಣ ಬಟ್ಟೇಲಿ ಒರೆಸು.

ಮಧ್ಯಾಹ್ನದ ನಿದ್ದೆಗೆ ಮುಖ್ಯಸ್ಥೆ ಆಗೋದು ಬಿಡ್ತಾರಾ ಯಾರಾದ್ರೂ? ನೀನು ಚಿಕ್ಕೋಳಿದ್ದಾಗ ಮಲಗಿಸೋಕೆ ನಾನು ಲಾಲಿ ಹಾಡಿ ಹಾಡಿ ನಾನೇ ಮಲಗ್ತಿದ್ದೆ. ಈಗೆಲ್ಲಿಂದ ಬಂತು ಈ ನಿದ್ದೆ? ಹೋಗಿ ಒಪ್ಕೋ.

ಇಲ್ಲಿ ಎಲ್ಲ ಮಾಮೂಲಿ. ಆಸ್ಪತ್ರೆ ನರ್ಸಮ್ಮ ಹೊಸಾ ಚಪ್ಪಲಿ ತಂದು, ಹೀಲು ಕಿತ್ತು ರಬ್ಬರ್ ಹಾಕಪ್ಪ, ಟಕ್ ಟಕ್ ಅನ್ನಬಾರದು ಅಂದ್ಲು. ಏನಮ್ಮಾ, ಎಲ್ಲಾದ್ರೂ ಕನ್ನ ಹಾಕೋಕೆ ಹೋಗ್ತೀಯಾ ಅಂದೆ. ನಕ್ಕಳು. ನನ್ನ ಅಂಗಡಿಗೆ ಬರೋ ಹೆಂಗಸರೆಲ್ಲ ಇತ್ತೀಚೆಗೆ ಕಳ್ಳಿಯರೇ, ಎಲ್ಲರಿಗೂ ಸದ್ದಿಲ್ಲದ ಅಟ್ಟೇನೇ ಬೇಕು!

ನಿನ್ನ ಅಪ್ಪ


ಜುಲೈ ೧೫

ಮೊಳೆಮರೀ,

ಪತ್ರ ಇಲ್ಲ. ಬಿಸ್ಕತ್ತಿನ ಜೊತೆ ನಿನ್ನನ್ನೂ ಪ್ಯಾಕ್ ಮಾಡಿ ಕಳಿಸಿಬಿಟ್ರಾ? ಎರಡು ಸಾಲು ಬರಿ. ನಿಮ್ಮಮ್ಮ ಕಂಡಕ್ಟರನ್ನ ಕಂಡಾಗೆಲ್ಲ ಪತ್ರ ಇದ್ಯಾ ಅಂತ ಅವನ ಕೈ ನೋಡ್ತಾಳೆ. ಅವನಿಗೆ ನಾಚಿಕೆ ಆಗಿ ಜೇಬಲ್ಲಿ ಇಟ್ಕೊಂಡು ಓಡಾಡ್ತಾ ಇದಾನೆ.

ಅಪ್ಪ


ಜುಲೈ ೧೯

ಅಪ್ಪಾ,

ಚೆನ್ನಾಗಿದೀನಿ. ಟ್ರಂಕನ್ನ ಬಾಗಿಲ ಹಿಂದಕ್ಕೆ ಸರಿಸಿದೀನಿ. ನಲ್ಲಿಗೆ ಹೋಗೋದು ಪಕ್ಕದ ರೂಮಿನ ಟೈಲರ್ ಅಕ್ಕ ಹೋಗುವಾಗ. ಅವರಿಗೆ ತಡ ಆದ್ರೆ ಕಾಯ್ತೀನಿ.

ಎದುರಿನವನ ಬೂಟು ಹೊಲಿಯೋ ಮಾತು ಬೇಡ. ಅವನು ನಗೋದು ನೀನು ನಗೋ ಹಾಗಲ್ಲ.

ನಿನ್ನ ಬೂಟು ಹಾಕ್ಕೊಂಡು ತಾರಸಿ ಮೇಲೆ ನಡೆದೆ. ಒಳಗೆ ಬಟ್ಟೆ ತುರುಕಿದ್ರೂ ಕಾಲು ಜಾರತ್ತೆ. ಹೂಕುಂಡದ ಮಣ್ಣು ಬಳಿದೆ, ಅದು ಬಳಿದ ಹಾಗೇ ಕಾಣತ್ತೆ. ಗಂಡಸರು ನಡೆದ್ರೆ ಹಿಮ್ಮಡಿ ಯಾವ ಕಡೆ ಸವೆಯತ್ತೆ ಅಪ್ಪ? ಒಳಗಡೆನಾ ಹೊರಗಡೆನಾ?

ಈ ಪತ್ರ ಅಮ್ಮಂಗೆ ಓದಿ ಹೇಳು. ಪೂರ್ತಿ ಓದು. ತಮಾಷೆ ಸೇರಿಸಬೇಡ.

ಮೊಳೆ


ಜುಲೈ ೨೫

ಮಗಳೇ,

ಓದಿ ಹೇಳಿದೆ. ಪೂರ್ತಿ.

ನಿಮ್ಮಮ್ಮ ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿದ್ದ ಆ ಹರಕು ಜೋಡಿ ತಂದು ನನ್ನ ತಟ್ಟೆ ಪಕ್ಕ ಇಟ್ಲು. ಊಟದ ತಟ್ಟೆ ಪಕ್ಕ. ಏನೇ ಇದು, ಪಲ್ಯನಾ ಅಂದೆ. ನನ್ನ ಬಾಯಿಗೆ ಅಭ್ಯಾಸ, ಅದು ತಾನಾಗೇ ಅನ್ನತ್ತೆ.

ಅವಳಂದ್ಲು, "ಮದುವೆ ಆದ ಹೊಸದ್ರಲ್ಲಿ ನೀವು ಅಂಗಡಿಗೆ ಹೋದ್ಮೇಲೆ ಹಿತ್ತಲ ಬಾಗಿಲಿಗೆ ಒಬ್ಬ ಬಂದು ನೀರು ಕೇಳ್ತಿದ್ದ. ದಿನಾ. ಚೊಂಬು ಕೊಟ್ರೆ ಕುಡೀದೆ ಹಿಡ್ಕೊಂಡು ನಿಂತಿರ್ತಿದ್ದ. ಒಂದಿನ ಒಳಗೆ ಒಂದು ಹೆಜ್ಜೆ ಇಟ್ಟ. ಮಾರನೇ ದಿನ ನಿಮ್ಮ ಬೂಟು ಮೆಟ್ಟಿಲ ಮೇಲೆ ಇಟ್ಟೆ. ಆಮೇಲೆ ಅವನಿಗೆ ಬಾಯಾರಿಕೆನೇ ಆಗ್ಲಿಲ್ಲ."

ಹಾಗಾದ್ರೆ ನಾಯಿ ಅಂದೆ.

"ಯಾವ ನಾಯಿ? ಬೆಳಿಗ್ಗೆ ಎಡಕ್ಕೆ ಇಡೋಳೂ ನಾನೇ, ಮಾರನೇ ದಿನ ಬಲಕ್ಕೆ ಇಡೋಳೂ ನಾನೇ. ಒಂದೇ ಕಡೆ ಇದ್ರೆ ಗೊತ್ತಾಗಿಬಿಡತ್ತೆ."

ನಂಗೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ. "ಹೇಳಿದ್ರೆ ನೀವು ಸುತ್ತಿಗೆ ತಗೊಂಡು ಅವನ ಹಿಂದೆ ಹೋಗ್ತಿದ್ರಿ, ಇಲ್ಲ ತಮಾಷೆ ಮಾಡ್ತಿದ್ರಿ. ಎರಡೂ ನಂಗೆ ಬೇಡವಾಗಿತ್ತು." ಮತ್ತೆ ಮಗಳ ಬೂಟಿಗೆ ಪಾಲಿಶ್ ತಿಕ್ಕುವಾಗ ಯಾಕೆ ತಡೀಲಿಲ್ಲ ಅಂದೆ. "ನೀವು ಅಷ್ಟು ಖುಷಿಯಾಗಿ ತಿಕ್ತಾ ಇದ್ರಿ," ಅಂದ್ಲು.

ಊಟ ಸೇರಲಿಲ್ಲ. ಮಗಳೇ, ಆ ಕೆಲಸ ಬೇಡ, ಆ ರೂಮು ಬೇಡ. ಮೊದಲ ಬಸ್ಸಿಗೆ ಮನೆಗೆ ಬಾ. ಇಲ್ಲ ನಾನೇ ಬರ್ತೀನಿ, ಆ ಎದುರು ರೂಮಿನವನನ್ನ ಮಹಡಿ ಮೆಟ್ಟಿಲು ಇಳಿಸ್ತೀನಿ.

ಅಪ್ಪ


ಜುಲೈ ೩೧

ಅಪ್ಪಾ,

ನೋಡು, ಇದಕ್ಕೇ ನಾನು ಬರೀಲಿಲ್ಲ. ಊರು ಬಿಡೋ ಹಿಂದಿನ ದಿನ ಅಮ್ಮನೇ ಹೇಳಿದ್ಲು, ಅಪ್ಪನ ಬೂಟು ಕೇಳು, ಯಾಕೆ ಅಂತ ಮಾತ್ರ ಹೇಳ್ಬೇಡ, ಹೇಳಿದ್ರೆ ವಾಪಸ್ ಕರೀತಾರೆ ಅಂತ. ನೀನು ಕರೆದೇಬಿಟ್ಟೆ.

ನೀನು ಬರ್ಬೇಡ. ನೀನು ಬಂದು ಕೂಗಾಡಿ ಹೋಗ್ತೀಯ. ಮಾರನೇ ದಿನ ಆ ಮೆಟ್ಟಿಲು ಹತ್ತೋಳು ನಾನೊಬ್ಬಳೇ.

ಮನೆಗೆ ಬಾ ಅಂತೀಯ. ಮನೇಲಿದ್ದಾಗ ನಾನು ಸ್ಕೂಲಿಗೆ ಹೋಗೋಕೆ ಸುತ್ತು ದಾರಿ ಹಿಡೀತಿದ್ದೆ, ನೆನಪಿದ್ಯಾ? ಅಡ್ಡದಾರಿ ಬಿಟ್ಟು ಊರೆಲ್ಲ ಸುತ್ತುತಾಳೆ, ಚಪ್ಪಲಿ ಸವೆಸೋಕೇ ಹುಟ್ಟಿದಾಳೆ ಅಂತ ನೀನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗ್ತಿದ್ದೆ. ಆ ಅಡ್ಡದಾರಿ ಗೋಡೆ ಮೇಲೆ ಯಾರು ಕೂತಿರ್ತಿದ್ರು ಅಂತ ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಾನು ಬಸ್ಸಲ್ಲಿ ಡ್ರೈವರ್ ಹಿಂದೆ ಕೂರೋದು ಗಾಳಿಗಲ್ಲ. ಬೀಗದ ಕೈ ಬೀದಿ ತಿರುವಲ್ಲೇ ಬ್ಯಾಗಿಂದ ತೆಗೆದು ಬೆರಳ ಸಂದೀಲಿ ಇಟ್ಕೋತೀನಿ. ಸಂಜೆ ಆರು ಗಂಟೆಗೆ ಸಾಮಾನು ತಗೊಂಡು ಒಬ್ಬಳೇ ಬರುವಾಗ ಫೋನ್ ಕಿವಿಗಿಟ್ಟು "ಹಾಂ, ಬಂದೆ, ಇಲ್ಲೇ ಇದೀನಿ" ಅಂತೀನಿ. ಆ ಕಡೆ ಯಾರೂ ಇರಲ್ಲ. ಒಂದೊಂದು ಸಲ ನಿನ್ನ ಹತ್ರಾನೇ ಮಾತಾಡ್ತೀನಿ. ನಿಂಗೆ ಹೇಗೂ ಕೇಳಲ್ವಲ್ಲ.

ಟೈಲರ್ ಅಕ್ಕನೂ ಹೀಗೇ, ಕಾರ್ಖಾನೆ ಹೆಂಗಸರೆಲ್ಲ ಹೀಗೇ. ಇದನ್ನ ಯಾರೂ ಕಷ್ಟ ಅಂತ ಹೇಳ್ಕೊಳಲ್ಲ. ತಲೆ ಬಾಚ್ಕೊಳ್ಳೋ ಹಾಗೆ ಮಾಡ್ಕೊಂಡು ಹೋಗ್ತೀವಿ.

ನಂಗೆ ಈ ಕೆಲಸ ಇಷ್ಟ ಅಪ್ಪ. ಸಾಯಂಕಾಲದ ಪಾಳಿ ಬೇಡ ಅಂದಿದ್ದು ನಿದ್ದೆಗಲ್ಲ. ಇಡೀ ಬೆಲ್ಟು ನನ್ನ ಮಾತು ಕೇಳತ್ತೆ ಅನ್ನೋದು ನೆನೆಸ್ಕೊಂಡ್ರೆ ಮೈಯೆಲ್ಲ ಜುಮ್ ಅನ್ನತ್ತೆ. ಕತ್ತಲಾದ್ಮೇಲೆ ಆ ವರಾಂಡ ದಾಟೋದು ನೆನೆಸ್ಕೊಂಡ್ರೂ ಜುಮ್ ಅನ್ನತ್ತೆ. ಸೂಪರ್‌ವೈಸರಮ್ಮ ಮುಂದಿನ ತಿಂಗಳ ಕೊನೇವರೆಗೂ ಕಾಯ್ತೀನಿ ಅಂದಿದಾರೆ.

ನಂಗೆ ವಾಪಸ್ ಬಸ್ಸು ಬೇಡ. ಯಾರೋ ನಡೆದ ಬೂಟು ಬೇಕು. ಅದು ನಿನ್ನ ಕೈಲಾಗತ್ತಾ ಹೇಳು.

ನಿನ್ನ ಮೊಳೆ


ಆಗಸ್ಟ್ ೧೨

ಮೊಳೆಮರೀ,

ತಡ ಆಯ್ತು. ನಡೀತಾ ಇದ್ದೆ.

ನಿನ್ನ ಪತ್ರ ಬಂದ ದಿನ ಅಂಗಡೀಲಿ ಸುಮ್ನೆ ಕೂತಿದ್ದೆ. ನರ್ಸಮ್ಮ ಬಂದ್ಲು. ಏನಪ್ಪಾ, ಇವತ್ತು ಒಂದೂ ಜೋಕಿಲ್ಲ, ಹುಷಾರಿಲ್ವಾ ಅಂದ್ಲು. ಅಮ್ಮಾ, ಟಕ್ ಟಕ್ ಯಾಕೆ ಬೇಡ ಅಂದೆ ಆವತ್ತು ಅಂತ ಕೇಳ್ದೆ. "ಆಸ್ಪತ್ರೆ ಹಿಂದಿನ ರಸ್ತೇಲಿ ಟಕ್ ಟಕ್ ಅಂತ ನಡೆದ್ರೆ, ಇಲ್ಲೊಬ್ಬಳು ಒಬ್ಬಳೇ ಬರ್ತಾ ಇದಾಳೆ ಅಂತ ಡಂಗುರ ಹೊಡೆದ ಹಾಗಲ್ವಾ," ಅಂದ್ಲು. ಎಷ್ಟು ಸಲೀಸಾಗಿ ಅಂದ್ಲು ಗೊತ್ತಾ, ಮಳೆ ಬರೋ ಹಾಗಿದೆ ಅನ್ನೋ ಹಾಗೆ. ಇನ್ನೊಬ್ಬಳು ಬಕಲ್ ಕಿತ್ತು ಗಟ್ಟಿ ಪಟ್ಟಿ ಹಾಕಿಸ್ಕೊಂಡಿದ್ಲು, ಓಡಿದ್ರೂ ಕಳಚಬಾರದು ಅಂತ. ಓಟದ ಪಂದ್ಯಕ್ಕೆ ಸೇರಿದೀಯಾ ಅಂದಿದ್ದೆ. ಇಷ್ಟು ವರ್ಷ ಇದೇ ಕೈಯಲ್ಲಿ ಹೊಲಿದು ಕೊಟ್ಟಿದೀನಿ, ಯಾಕೆ ಹೊಲೀತಿದೀನಿ ಅಂತ ಗೊತ್ತಿಲ್ದೆ.

ಇರಲಿ, ಈಗ ನನ್ನ ವಿದ್ಯೆ ಕೇಳು. ನಾನು ಬಲಗಾಲು ಹೊರಗೆ ತಿರುಗಿಸಿ ಹಾಕ್ತೀನಿ, ಬಾತುಕೋಳಿ ತರ. ಅದಕ್ಕೇ ಬಲಗಡೆ ಹಿಮ್ಮಡಿ ಹೊರ ಅಂಚು ಸವೆಯತ್ತೆ. ದಿನವಿಡೀ ಮೊಣಕಾಲು ಮಡಿಚಿ ಕೂರೋದ್ರಿಂದ ಬೆರಳ ಬುಡದಲ್ಲಿ ಗೆರೆ ಬೀಳತ್ತೆ. ಇದೆಲ್ಲ ಹೂಕುಂಡದ ಮಣ್ಣಲ್ಲಿ ಬರಲ್ಲ. ಮನುಷ್ಯ ನಡೀಬೇಕು. ಅದಕ್ಕೇ ಇನ್ನೊಂದು ಹಳೇ ಜೋಡಿ ಹುಡುಕಿ, ರಿಪೇರಿ ಮಾಡ್ದೇನೇ ಹಾಕ್ಕೊಂಡು ನಡೆದೆ. ಹರಿದಿದ್ದು ಕಂಡಾಗೆಲ್ಲ ಕೈ ತುರಿಸ್ತಾ ಇತ್ತು, ಒಂದು ಹೊಲಿಗೆ ಹಾಕೋಣ ಅಂತ. ನಿಮ್ಮಮ್ಮ ಸೂಜಿ ಬಚ್ಚಿಟ್ಲು. ಕೆಸರಲ್ಲಿ ಇಳಿದೆ, ಟೀ ಚೆಲ್ಕೊಂಡೆ. ಅದು ಬೇಕಂತ ಅಲ್ಲ, ಆದ್ರೆ ಚೆನ್ನಾಗಿ ಬಂದಿದೆ.

ಈ ಜೋಡಿ ಕಳಿಸಿದೀನಿ. ಹೊಳೆಯೋ ಜೋಡಿ ವಾಪಸ್ ಕಳಿಸು, ಅದನ್ನ ನಾನು ಹಾಕ್ಕೊಂಡು ನಡೀತೀನಿ. ಇದರ ಕೆಸರು ಒಣಗಿ ಉದುರೋ ಹೊತ್ತಿಗೆ ಅದು ಬರತ್ತೆ. ಹೀಗೇ ಅದಲು ಬದಲು ಮಾಡ್ತಾ ಇರೋಣ. ಒಟ್ಟಿಗೆ ಸೇರಿಸಿ ನೆಟ್ಟಗೆ ಇಡ್ಬೇಡ, ಅದು ಅಂಗಡಿ ಬೂಟು. ಕೆಲಸದಿಂದ ಬಂದ ಗಂಡಸು ಬಗ್ಗಲ್ಲ. ಎಡಗಾಲಿಂದ ಬಲಗಾಲಿನ ಹಿಮ್ಮಡಿ ತುಳಿದು ಕಿತ್ತು ಒಗೀತಾನೆ. ಒಂದು ನೆಟ್ಟಗೆ, ಒಂದು ಮಗ್ಗುಲಿಗೆ. ದಿನಾ ಬೇರೆ ತರ.

ಬಾ ಅಂತ ಇನ್ನು ಕರೆಯಲ್ಲ. ಕರೀಬೇಕು ಅನ್ಸತ್ತೆ. ಆದ್ರೆ ಕರೆಯಲ್ಲ. ಪಾಳಿ ವಿಷಯ ನಿಂಗೆ ಬಿಟ್ಟಿದ್ದು.

ನಿನ್ನ ಬಾತುಕೋಳಿ ಅಪ್ಪ


ಸೆಪ್ಟೆಂಬರ್ ೯

ಅಪ್ಪಾ,

ಒಂದು ನೆಟ್ಟಗೆ, ಒಂದು ಮಗ್ಗುಲಿಗೆ. ಮೊದಲ ದಿನವೇ ಓನರಮ್ಮ "ನಿಮ್ಮಪ್ಪಂಗೆ ಕಾಲು ಒರೆಸ್ಕೊಂಡು ಬರೋಕೆ ಹೇಳಮ್ಮಾ, ವರಾಂಡ ಎಲ್ಲ ಕೆಸರು" ಅಂತ ಬೈದ್ರು. ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಅವರನ್ನ ತಬ್ಬಿಕೊಳ್ಳೋಣ ಅನ್ಸಿತು.

ಮೊನ್ನೆ ಎದುರಿನವನು ಬೂಟು ನೋಡ್ದ, ನನ್ನ ನೋಡ್ದ. "ಬಂದಿದಾರಾ?" ಅಂದ. "ಮಲಗಿದಾರೆ, ಮೆಲ್ಲಗೆ ಮಾತಾಡಿ," ಅಂದೆ. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಅವನು ಬದಲಾಗಿದಾನೆ ಅಂತ ಅಲ್ಲ. ಟ್ರಂಕು ಇನ್ನೂ ಬಾಗಿಲ ಹಿಂದೇನೇ ಇದೆ.

ಪಾಳಿ ಒಪ್ಕೊಂಡೆ. ಬೆಲ್ಟು ನಿಲ್ಲು ಅಂದ್ರೆ ನಿಲ್ಲತ್ತೆ ಅಪ್ಪ! ಮುಗಿದ್ಮೇಲೆ ಗೇಟಲ್ಲಿ ಎಲ್ಲರೂ ಸೇರೋವರೆಗೂ ಯಾರೂ ಹೊರಡಲ್ಲ, ಅದು ನಾನು ಮಾಡಿರೋ ಕಾನೂನು. ನನ್ನ ರೂಮಿನ ಮೆಟ್ಟಿಲವರೆಗೂ ಇಬ್ಬರು ಬರ್ತಾರೆ. ಮೇಲೆ ಹತ್ತುವಾಗ ಎದೆ ಹೊಡ್ಕೊಳತ್ತೆ, ಇಲ್ಲ ಅನ್ನಲ್ಲ. ಆದ್ರೆ ಕೊನೇ ಮೆಟ್ಟಿಲು ತಿರುಗಿದ್ರೆ ನಿನ್ನ ಬೂಟು ಕಾಣತ್ತೆ. ನಾನೇ ಇಟ್ಟಿದ್ದು ಅಂತ ಗೊತ್ತಿದ್ರೂ, ಓ, ಅಪ್ಪ ಬಂದಿದಾರೆ ಅನ್ಸತ್ತೆ.

ಒಂದು ಫಜೀತಿ. ಟೈಲರ್ ಅಕ್ಕ ಕೇಳಿದ್ರು, ನಿಮ್ಮಪ್ಪನ ಹತ್ರ ಇನ್ನೊಂದು ಜೋಡಿ ಇದ್ಯಾ ಅಂತ. ಅವರಿಗೆ ಅಪ್ಪ ಇಲ್ಲ. ಬೆಲ್ಟಿನ ಇಬ್ಬರಿಗೂ ಬೇಕಂತೆ. ಆದ್ರೆ ಎಲ್ಲ ಬಾಗಿಲಲ್ಲೂ ಬಾತುಕೋಳಿ ಬೂಟು ಇದ್ರೆ ಸಿಕ್ಕಿಬೀಳ್ತೀವಿ.

ನಿನ್ನ ಮೊಳೆ


ಅಕ್ಟೋಬರ್ ೩

ಮೊಳೆಮರೀ,

ಚೀಲದಲ್ಲಿ ಮೂರು ಜೋಡಿ ಇದೆ, ಅದಲು ಬದಲು ಮಾಡ್ಬೇಡ. ಅಗಲವಾಗಿರೋದು ಕ್ಷೌರದಂಗಡಿಯವಂದು. ದಿನವೆಲ್ಲ ನಿಂತೇ ಇರ್ತಾನೆ, ಅಟ್ಟೆ ಪೂರ್ತಿ ಚಪ್ಪಟೆ. ಅದನ್ನ ಟೈಲರ್ ಅಕ್ಕಂಗೆ ಕೊಡು, ಒಳ್ಳೆ ಮನುಷ್ಯ, ಒಂದೆರಡು ಕೂದಲು ಇದ್ರೆ ಕೊಡವಿಕೊಳ್ಳಲಿ. ಎಡಗಾಲು ಮಾತ್ರ ಸವೆದಿರೋದು ಸೈಕಲ್ ರಿಪೇರಿಯವಂದು, ಅವನು ಬಲಗಾಲು ಪೆಡಲ್ ಮೇಲೇ ಇಟ್ಟಿರ್ತಾನೆ. ಮೂರನೇದು ಕಂಡಕ್ಟರ್‌ದು. ಹೊಸದು ಹೊಲ್ಕೊಡ್ತೀನಿ, ಹಳೇದು ಬಿಚ್ಚೋ ಅಂದೆ. ಯಾಕೆ ಅಂದ. ಯಾಕೆ ಅಂತ ಹೇಳ್ದೆ. ಬಸ್ಸಲ್ಲೇ ಬಿಚ್ಚಿ ಕೊಟ್ಟು, ಬರಿಗಾಲಲ್ಲಿ ಟಿಕೆಟ್ ಹರಿದ. ಅವನಿಗೆ ಮೂರು ಜನ ಹೆಣ್ಣುಮಕ್ಕಳು.

ನಮ್ಮ ಟೀ ಅಂಗಡೀಲಿ ಈಗ ಎಲ್ಲ ಗಂಡಸರೂ ಕಾಲೆಳ್ಕೊಂಡು ಓಡಾಡ್ತಾರೆ, ಬೂಟು ಬೇಗ ಸವೀಲಿ ಅಂತ. ನೋಡೋಕೆ ಮಜವಾಗಿದೆ. ಜೋಕು ಮತ್ತೆ ಶುರುವಾಗಿದೆ, ಭಯಪಡಬೇಡ. ಒಂದೇ ವ್ಯತ್ಯಾಸ, ಹೆಂಗಸರು ಅಂಗಡಿಗೆ ಬಂದು ಹೀಗೆ ಮಾಡ್ಕೊಡು ಅಂದ್ರೆ ಮೊದಲು ಮಾಡ್ಕೊಡ್ತೀನಿ, ಜೋಕು ಆಮೇಲೆ.

ಹಿತ್ತಲ ಬಾಗಿಲ ಹರಕು ಜೋಡಿ ವಿಷಯ ಹೇಳ್ಲಿಲ್ಲ ಅಲ್ವಾ. ಇನ್ನಾದ್ರೂ ಎಸೀಬಹುದಲ್ಲೇ, ಕೂದಲು ನೆರೆಯಿತು ಇಬ್ಬರಿಗೂ ಅಂದೆ. ಇರಲಿ ಅಂದ್ಲು. ಅಷ್ಟೇ ಅಂದ್ಲು. ನಾನು ಮುಂದೆ ಕೇಳ್ಲಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಗೆ ಹೊರಡೋ ಮುಂಚೆ ಆ ಜೋಡಿ ಹಾಕ್ಕೊಂಡು ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಸುತ್ತ ನಾಲ್ಕು ಸುತ್ತು ಬಂದೆ. ಒದ್ದೆ ಮಣ್ಣು ಚೆನ್ನಾಗಿ ಮೆತ್ತಿಕೊಳ್ತು. ಮೆಟ್ಟಿಲ ಮೇಲೆ ಕಿತ್ತು ಬಿಟ್ಟೆ, ಒಂದು ನೆಟ್ಟಗೆ, ಒಂದು ಮಗ್ಗುಲಿಗೆ. ತಿರುಗಿದ್ರೆ ನಿಮ್ಮಮ್ಮ ಒಳಗಿಂದ ನೋಡ್ತಾ ನಿಂತಿದಾಳೆ.

"ನಾಯಿ ಬಂದಿತ್ತಾ?" ಅಂದ್ಲು.

"ಬಂದಿತ್ತು," ಅಂದೆ. "ದಿನಾ ಬರತ್ತಂತೆ."

ಸೆರಗು ಬಾಯಿಗಿಟ್ಕೊಂಡು ನಕ್ಕಳು.

ನಿನ್ನ ಅಪ್ಪ